ಬಂಪರ್ ಕೆಳಗಿನ ಪಟ್ಟಿ ಬಿಚ್ಚಬಹುದಾ?

ಓದುಗರ ಗಾಡಿ, ಓದುಗರ ಪ್ರಶ್ನೆ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಗಾಳಿಯ ವಿಷಯಕ್ಕೇ ಸೇರಿದ್ದವು. ಕಮಲಾಪುರದ ಪತ್ರಕ್ಕೆ ಜಾಗ ಜಾಸ್ತಿ ಕೊಟ್ಟಿದ್ದೇನೆ. ಆ ಪ್ರಶ್ನೆಯನ್ನು ನನ್ನ ಗ್ಯಾರೇಜಿನಲ್ಲೂ ಬಹಳ ಜನ ಕೇಳಿದ್ದಾರೆ.

ಪ್ರಶ್ನೆ: ಕಾಕಾ, ನಮಸ್ಕಾರ. ನಮ್ಮದು ಕಮಲಾಪುರ ಹತ್ತಿರದ ಹಳ್ಳಿ. ಕೆಂಪು ಬಾಳೆ ತೋಟ ಇದೆ. ಎರಡು ವರ್ಷದ ಹಿಂದೆ ಪಿಕಪ್ ತಗೊಂಡೆವು. ಮುಂದಿನ ಬಂಪರ್ ಕೆಳಗೆ ಒಂದು ಕಪ್ಪು ಪ್ಲಾಸ್ಟಿಕ್ ಪಟ್ಟಿ ಜೋತುಬಿದ್ದಿದೆ. ಶೋರೂಮಿನವರು ಅದಕ್ಕೆ ಏರ್ ಡ್ಯಾಮ್ ಅಂದರು. ತೋಟದ ಬದು ಹತ್ತುವಾಗ, ಊರ ಹಂಪ್ ದಾಟುವಾಗ ಪ್ರತಿ ಸಲ ಕರ್ರ್ ಅಂತ ಉಜ್ಜುತ್ತೆ. ಎಡಗಡೆ ಆಗಲೇ ಸೀಳಿದೆ. ಅಣ್ಣ ಬಿಚ್ಚಿ ಎಸಿ ಅಂತಾನೆ. ಅಪ್ಪ, ಕಂಪನಿಯವರು ಸುಮ್ನೆ ಹಾಕಿರಲ್ಲ ಅಂತಾರೆ. ವಾರಕ್ಕೆ ಎರಡು ಸಲ ಹೈದರಾಬಾದ್‌ಗೆ ಬಾಳೆ ಹಾಕ್ಕೊಂಡು ಹೋಗ್ತೇವೆ. ಬಿಚ್ಚಿದರೆ ಆವರೇಜ್ ಬೀಳುತ್ತಾ? ಎಂಜಿನ್‌ಗೆ ತೊಂದರೆ ಆಗುತ್ತಾ?

ಉತ್ತರ: ವಾರಕ್ಕೆ ಎರಡು ಸಲ ಹೈದರಾಬಾದ್ ಅಂದಿರಿ. ಹಾಗಿದ್ದರೆ ಬಿಚ್ಚಬೇಡಿ. ತೋಟ, ಸಂತೆ, ಕಲಬುರಗಿ ಗಂಜ್, ಇಷ್ಟರಲ್ಲೇ ಓಡಾಡುವ ಗಾಡಿ ಆಗಿದ್ದರೆ ಬಿಚ್ಚಿ ಇಟ್ಕೊಳ್ಳಿ ಅಂತ ನಾನೇ ಹೇಳ್ತಿದ್ದೆ.

ಕಾರಣ ಗಾಡಿ ಕೆಳಗೇ ಇದೆ. ಒಂದು ಸಲ ಚಾಪೆ ಹಾಸಿಕೊಂಡು ಮಲಗಿ ನೋಡಿ. ಆಯಿಲ್ ಚೇಂಬರ್, ಗೇರ್ ಬಾಕ್ಸ್, ಸೈಲೆನ್ಸರ್ ಪೈಪ್, ಅಡ್ಡ ಚಾಸಿ, ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಎರಡು ಚಕ್ರದ ನಡುವೆ ಗೇರ್ ಇರುವ ದಪ್ಪ ಹೌಸಿಂಗ್. ಎಲ್ಲಾ ಉಬ್ಬು ತಗ್ಗು. ಗಾಡಿ ಜೋರಾಗಿ ಓಡುವಾಗ ಕೆಳಗೆ ನುಗ್ಗಿದ ಗಾಳಿ ಇವಕ್ಕೆಲ್ಲಾ ಬಡಿದು ಸುಳಿಯಾಗುತ್ತೆ, ಗಾಡಿಯನ್ನು ಹಿಂದಕ್ಕೆ ಜಗ್ಗುತ್ತೆ. ಆ ಪಟ್ಟಿ ಗಾಳಿಗೆ ಹಾಕಿದ ಒಡ್ಡು. ಕೆಳಗೆ ಹೋಗುವ ಗಾಳಿಯನ್ನು ತಡೆದು ಪಕ್ಕಕ್ಕೂ ಮೇಲಕ್ಕೂ ತಿರುಗಿಸುತ್ತೆ. ಜೋರು ಓಟದಲ್ಲಿ ಗಾಡಿಯ ಮೂತಿ ಹಗುರಾಗೋದನ್ನೂ ಸ್ವಲ್ಪ ತಡೆಯುತ್ತೆ.

ಎರಡನೇ ಕೆಲಸ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಅದೇ ದೊಡ್ಡದು. ಗ್ರಿಲ್ ಒಳಗೆ ಹೋದ ಗಾಳಿ ರೇಡಿಯೇಟರ್ ದಾಟಿದ ಮೇಲೆ ಎಲ್ಲಿಗೆ ಹೋಗಬೇಕು? ಎಂಜಿನ್ ಕೆಳಗಿನಿಂದ ಹೊರಗೆ ಬರಬೇಕು. ಪಟ್ಟಿಯ ಹಿಂದೆ ಗಾಳಿಯ ಒತ್ತಡ ಕಡಿಮೆ ಇರುತ್ತೆ. ಹಾಗಾಗಿ ಬಾನೆಟ್ ಒಳಗಿನ ಬಿಸಿ ಗಾಳಿ ಸಲೀಸಾಗಿ ಕೆಳಗೆ ಎಳೆದುಕೊಂಡು ಹೋಗುತ್ತೆ. ಪಟ್ಟಿ ಇಲ್ಲದಿದ್ದರೆ ಕೆಳಗಿನಿಂದಲೂ ಗಾಳಿ ನುಗ್ಗಿ ಅಲ್ಲೇ ಒತ್ತಿ ನಿಲ್ಲುತ್ತೆ. ಹೊರಗೆ ಹೋಗೋಕೆ ದಾರಿ ಇಕ್ಕಟ್ಟಾದರೆ ಒಳಗೆ ಬರೋದೂ ಕಡಿಮೆ. ಒಲೆಗೆ ಹೊಗೆಗಿಂಡಿ ಮುಚ್ಚಿದರೆ ಬೆಂಕಿ ಸರಿಯಾಗಿ ಹತ್ತಲ್ಲ, ಅಲ್ವಾ? ಹಾಗೆ.

ನಾನು ಕಣ್ಣಾರೆ ಕಂಡದ್ದು ಹೇಳ್ತೇನೆ. ಒಂದು ಮೇ ತಿಂಗಳು ಚಿತ್ತಾಪುರ ಕಡೆಯ ವ್ಯಾಪಾರಿಯೊಬ್ಬರು ಪಿಕಪ್ ತಂದು ನಿಲ್ಲಿಸಿದರು. ತೊಗರಿಬೇಳೆ ಹೇರಿಕೊಂಡು ಹೈದರಾಬಾದ್‌ಗೆ ಹೋಗುವ ಗಾಡಿ. ಕಲಬುರಗಿ ಊರೊಳಗೆ, ಸಿಗ್ನಲ್‌ನಲ್ಲಿ, ಸಂದಿಯಲ್ಲಿ ಟೆಂಪರೇಚರ್ ಮುಳ್ಳು ನಡುಮಧ್ಯೆ. ಹುಮನಾಬಾದ್‌ನಲ್ಲಿ 65ನೇ ಹೆದ್ದಾರಿಗೆ ತಿರುಗಿ, ಎಸಿ ಹಾಕಿ, ವೇಗ 85 ದಾಟಿತು ಅಂದ್ರೆ ಮುಳ್ಳು ಮೇಲೆ ಏರೋದು. 60ಕ್ಕೆ ಇಳಿಸಿದರೆ ತಾನೇ ಕೆಳಗೆ ಬರೋದು. ಅವರು ಅಷ್ಟರಲ್ಲಿ ಬೇರೆ ಕಡೆ ಥರ್ಮೋಸ್ಟಾಟ್ ಬದಲಿಸಿದ್ದರು, ಕೂಲಂಟ್ ಬದಲಿಸಿದ್ದರು, ವಾಟರ್ ಪಂಪ್ ಕೂಡ ಹೊಸದು ಹಾಕಿಸಿದ್ದರು. ಮುಖದಲ್ಲಿ ಕಳೆಯೇ ಇರಲಿಲ್ಲ. ನಾಳೆ ಮತ್ತೆ ಲೋಡ್ ಇತ್ತು.

ಊರೊಳಗೆ ಬಿಸಿಯಾಗುವ ಗಾಡಿಗೆ ಮೊದಲು ಫ್ಯಾನ್ ನೋಡಬೇಕು. ನಿಂತ ಗಾಡಿಗೆ ಗಾಳಿ ಎಳೆಯೋದು ಅದೇ. ಹೆದ್ದಾರಿಯಲ್ಲಿ ಮಾತ್ರ ಬಿಸಿಯಾದರೆ ರೇಡಿಯೇಟರ್ ಮತ್ತು ಗಾಳಿಯ ದಾರಿ ನೋಡಬೇಕು. ನಾನು ಬಾನೆಟ್ ಎತ್ತೋ ಮೊದಲು ಬಗ್ಗಿ ಬಂಪರ್ ತಳ ಸವರಿದೆ. ಸಾಲಾಗಿ ಏಳು ಖಾಲಿ ತೂತು. ಎರಡರಲ್ಲಿ ಮುರಿದ ಕ್ಲಿಪ್ಪಿನ ತುಂಡು ಹಾಗೇ ಕೂತಿತ್ತು. ಡ್ರೈವರ್ ಹುಡುಗನನ್ನು ಕೇಳಿದೆ. ರಾಶಿ ಟೈಮಿನಲ್ಲಿ ಹೊಲದ ಬದುವಿಗೆ ಸಿಕ್ಕಿ ಕಿತ್ತುಬಂತು, ದನದ ಕೊಟ್ಟಿಗೆ ತಗಡಿನ ಮೇಲೆ ಎಸೆದೆ ಅಂದ.

ಆದರೆ ಅದೊಂದರ ಮೇಲೇ ತಪ್ಪು ಹೊರಿಸೋದು ಸರಿಯಲ್ಲ. ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಕೈ ಹಾಕಿದರೆ ತೊಗರಿ ಹೊಟ್ಟು ಕಂಬಳಿಯ ಹಾಗೆ ಸಿಕ್ಕಿತು. ಒಂದು ಪುಟ್ಟಿ ತುಂಬಾ ತೆಗೆದೆವು. ಎಂಜಿನ್ ಕಡೆಯಿಂದ ಮುಂದಕ್ಕೆ ಮೆತ್ತಗೆ ನೀರು ಬಿಟ್ಟು ತೊಳೆದೆವು. ಮರುದಿನದ ಟ್ರಿಪ್‌ನಲ್ಲಿ ಮುಳ್ಳು ಮೊದಲಿನಷ್ಟು ಏರಲಿಲ್ಲ, ಆದರೂ ಏರಿತು. ಆಮೇಲೆ ಕೊಟ್ಟಿಗೆ ಮೇಲಿನ ಪಟ್ಟಿ ತರಿಸಿ ಹೊಸ ಕ್ಲಿಪ್ ಹಾಕಿ ಕೂರಿಸಿದೆ. ಅಲ್ಲಿಂದ ಮುಳ್ಳು ನಡುಮಧ್ಯೆಯೇ ನಿಂತಿತು. ಅಷ್ಟು ದುಡ್ಡು ಸುರಿದ ಮನುಷ್ಯನಿಗೆ ಏಳು ಕ್ಲಿಪ್ಪಿನಲ್ಲಿ ಕೆಲಸ ಮುಗಿದದ್ದು ನೋಡಿ ನನಗೆ ಸಂಕಟವೇ ಆಯಿತು. ಮೊದಲೇ ಯಾರಾದರೂ ಬಗ್ಗಿ ನೋಡಬೇಕಿತ್ತು.

ಇದು ನಮ್ಮ ಕಡೆಯ ಬಿಸಿಲಿನಿಂದ ಆಗೋದು ಅಂತಲ್ಲ. ಅಮೆರಿಕದಲ್ಲಿ 1982ರಿಂದ 1992ರವರೆಗೆ ಬಂದ ಷೆವ್ರೊಲೆ ಕಮಾರೊ ಕಾರು ಹೆಚ್ಚಾಗಿ ಬಂಪರ್ ಕೆಳಗಿನಿಂದಲೇ ಗಾಳಿ ತಗೊಳ್ಳುತ್ತಿತ್ತು. ಅದರ ಏರ್ ಡ್ಯಾಮ್ ಮುರಿದರೆ ಊರೊಳಗೆ ತಣ್ಣಗೆ, ಹೆದ್ದಾರಿಯಲ್ಲಿ ಬಿಸಿ. ಎಲ್ಲ ಗಾಡಿಗೂ ಅಷ್ಟು ಆಗಲ್ಲ. ನಿಮ್ಮ ಪಿಕಪ್‌ಗೆ ಮುಂದೆ ದೊಡ್ಡ ಗ್ರಿಲ್ ಇದೆ. ರೇಡಿಯೇಟರ್ ಶುದ್ಧ ಇದ್ದು ಡಿಸೆಂಬರ್ ತಿಂಗಳಲ್ಲಿ ಓಡಿಸಿದರೆ ಪಟ್ಟಿ ಇಲ್ಲದ್ದು ಗೊತ್ತೇ ಆಗಲಿಕ್ಕಿಲ್ಲ. ಮೇ ತಿಂಗಳ 43 ಡಿಗ್ರಿಯಲ್ಲಿ, ತುಂಬಿದ ಲೋಡು, ಎಸಿ, ಎದುರು ಗಾಳಿ ಎಲ್ಲಾ ಸೇರಿದಾಗ ಗೊತ್ತಾಗುತ್ತೆ.

ಇನ್ನು ಆವರೇಜ್. ಗಾಳಿಯ ಅಡ್ಡಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ. 40ರಲ್ಲಿ ಹೋಗುವ ಗಾಡಿ 80ಕ್ಕೆ ಏರಿದರೆ ಅಡ್ಡಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅದನ್ನು ತಳ್ಳಲು ಬೇಕಾದ ಶಕ್ತಿ ಎಂಟು ಪಟ್ಟು. ಅದಕ್ಕೇ ಈ ಪಟ್ಟಿ ಹೊಲದ ದಾರಿಯಲ್ಲಿ ಏನೂ ಕೆಲಸ ಮಾಡಲ್ಲ. 2019ರ ರ‍್ಯಾಮ್ 1500 ಪಿಕಪ್‌ನಲ್ಲಿ ತಾನೇ ಇಳಿಯುವ ಏರ್ ಡ್ಯಾಮ್ ಕೊಟ್ಟರು. ಅದು ಗಂಟೆಗೆ 35 ಮೈಲಿ, ಅಂದ್ರೆ ಸುಮಾರು 56 ಕಿ.ಮೀ. ದಾಟಿದ ಮೇಲೆ ಮಾತ್ರ ಕೆಳಗೆ ಬರುತ್ತೆ. ಮಾಡಿದವರೇ ಅದಕ್ಕಿಂತ ಕಡಿಮೆ ವೇಗದಲ್ಲಿ ಬೇಡ ಅಂದ ಹಾಗಾಯ್ತು.

ನಿಮ್ಮದು ಹೋಗಿಬರೋದು 400 ಕಿ.ಮೀ. ಅಂತ ಹಿಡಿಯೋಣ. ಲೀಟರ್‌ಗೆ 12 ಕೊಟ್ಟರೆ 33 ಲೀಟರ್ ಡೀಸೆಲ್. ಪಟ್ಟಿ ಇಲ್ಲದೆ ನೂರಕ್ಕೆ 2 ಜಾಸ್ತಿ ಕುಡಿದರೂ ಮುಕ್ಕಾಲು ಲೀಟರ್ ಆಗಲ್ಲ. ಒಂದು ಟ್ಯಾಂಕ್ ಹಾಕಿಸಿ ನೋಡಿದರೆ ಆ ವ್ಯತ್ಯಾಸ ಕಣ್ಣಿಗೇ ಬೀಳಲ್ಲ. ಅದಕ್ಕಿಂತ ಟೈರ್ ಗಾಳಿ ಕಡಿಮೆ ಇದ್ದರೆ ಹೋಗೋದೇ ಜಾಸ್ತಿ. ಪಟ್ಟಿ ಬಿಚ್ಚಿದ್ದಕ್ಕೆ ಲೀಟರ್‌ಗೆ ಮೂರು ಕಿ.ಮೀ. ಬಿತ್ತು ಅಂತ ಯಾರಾದರೂ ಹೇಳಿದರೆ ಬ್ರೇಕ್ ಹಿಡಿದಿದೆಯಾ ನೋಡೋಕೆ ಹೇಳಿ.

ಅಣ್ಣನಿಗೂ ಒಂದು ಮಾತು. ಪಟ್ಟಿ ಬಿಚ್ಚಿದರೆ ಗಾಡಿ ಎತ್ತರ ಆಗಲ್ಲ. ಬದು ಹತ್ತುವಾಗ ಮೂತಿ ಮುಟ್ಟೋದು ತಪ್ಪುತ್ತೆ, ಅಷ್ಟೇ. ನಿಮ್ಮ ಗಾಡಿಯಲ್ಲಿ ನೆಲಕ್ಕೆ ಹತ್ತಿರ ಇರುವ ಗಟ್ಟಿ ಭಾಗ ಹಿಂದಿನ ಹೌಸಿಂಗ್. ಪಟ್ಟಿ ಉಜ್ಜಿದ ಸದ್ದು ಕೇಳಿ ಡ್ರೈವರ್ ನಿಧಾನ ಮಾಡ್ತಾನೆ. ಸದ್ದೇ ಇಲ್ಲದಿದ್ದರೆ ಕಲ್ಲಿಗೆ ನೇರ ಚೇಂಬರ್ರೇ ಬಡಿಯೋದು. ಹಾಗೆ ಒಡೆದ ಚೇಂಬರ್ ನಾನು ಬೆಸುಗೆ ಹಾಕಿಸಿದ್ದೇನೆ.

ನಿಮಗೆ ನಾನು ಹೇಳೋ ದಾರಿ ಇದು. ಸೀಳಿದ ಪ್ಲಾಸ್ಟಿಕ್ ತೆಗೆದುಬಿಡಿ. ಅದೇ ಅಳತೆಗೆ ಲಾರಿ ಮಡ್‌ಫ್ಲ್ಯಾಪ್ ರಬ್ಬರ್ ಕತ್ತರಿಸಿ ಅವೇ ತೂತಿಗೆ ಬೋಲ್ಟ್, ಅಗಲ ವಾಷರ್ ಹಾಕಿ ಕೂರಿಸಿ. 10 ನಂಬರ್ ಪಾನಾ ಇದ್ದರೆ ಸಾಕು, ಮನೆಯಲ್ಲೇ ಆಗುತ್ತೆ. ರಬ್ಬರ್ ಬದುವಿಗೆ ತಾಗಿದರೆ ಹಿಂದಕ್ಕೆ ಮಡಚಿ ಮತ್ತೆ ನೆಟ್ಟಗಾಗುತ್ತೆ. ತೀರಾ ತೆಳ್ಳಗೆ ಬೇಡ, 90ರಲ್ಲಿ ಗಾಳಿಗೆ ಮಡಚಿಕೊಂಡರೆ ಇದ್ದೂ ಇಲ್ಲದ ಹಾಗೆ. ಮೂಲ ಪಟ್ಟಿಗಿಂತ ಉದ್ದ ಬಿಡಬೇಡಿ. ಬಂಪರ್‌ನ ಕೆಳಗಿನ ಜಾಲಿ ಮುಚ್ಚಬಾರದು. ಸ್ಟೇರಿಂಗ್ ಪೂರ್ತಿ ಎರಡೂ ಕಡೆ ತಿರುಗಿಸಿ ಟೈರ್‌ಗೆ ತಾಗುತ್ತಾ ನೋಡಿ. ವಾರಂಟಿ ಇನ್ನೂ ಇದ್ದರೆ ಹಳೇ ಪಟ್ಟಿ ಎಸೆಯದೆ ಎತ್ತಿಡಿ.

ಇನ್ನೊಂದು. ಎಂಜಿನ್ ತಳಕ್ಕೆ ಅಡ್ಡ ಹಾಸಿದ ಹಾಳೆಯೂ ಏರ್ ಡ್ಯಾಮ್ ಅಂದುಕೊಂಡು ಕೆಲವರು ಅದನ್ನೂ ಬಿಚ್ಚುತ್ತಾರೆ. ಅದು ಬೇರೆ. ನಮ್ಮ ಎರೆ ಮಣ್ಣು, ಮಳೆಗಾಲದ ಹಳ್ಳದ ನೀರು ಬೆಲ್ಟ್‌ಗೆ, ಆಲ್ಟರ್ನೇಟರ್‌ಗೆ ಎರಚದ ಹಾಗೆ ಕಾಯೋದು ಅದೇ. ಅದನ್ನು ಯಾವ ಕಾರಣಕ್ಕೂ ಮುಟ್ಟಬೇಡಿ.

ಪ್ರಶ್ನೆ: ಸರ್, ಯಾದಗಿರಿ ಜಿಲ್ಲೆಯವನು. ಎರಡು ಲಾರಿ ಇವೆ. ಒಂದು ಶಹಾಬಾದ್ ಕಲ್ಲು ಹೊಡೆಯುತ್ತೆ, ಇನ್ನೊಂದು ಹತ್ತಿ. ಕ್ಯಾಬಿನ್ ಮೇಲೆ ಗಾಳಿ ತಿರುಗಿಸುವ ಫೈಬರ್ ತಟ್ಟೆ ಹಾಕಿಸಿದರೆ ಡೀಸೆಲ್ ಉಳಿಯುತ್ತಾ?

ಉತ್ತರ: ಹತ್ತಿ ಲಾರಿಗೆ ಹಾಕಿಸಿ. ಲೋಡು ಕ್ಯಾಬಿನ್‌ಗಿಂತ ಎತ್ತರ ಇದ್ದು, ಎದುರಿಗೆ ಗೋಡೆ ಹಾಗೆ ನಿಂತಾಗ ಆ ತಟ್ಟೆ ನಿಜವಾಗಿ ಕೆಲಸ ಮಾಡುತ್ತೆ. ಬಂಪರ್ ಕೆಳಗಿನ ಪಟ್ಟಿಗಿಂತ ಇದರ ಲಾಭ ಜಾಸ್ತಿ. ತಟ್ಟೆಯ ತುದಿ ಲೋಡಿನ ಎತ್ತರಕ್ಕೆ ಹೊಂದಬೇಕು. ತಾಡಪಾಲು ಬಿಗಿಯಾಗಿ ಕಟ್ಟದೆ ಪಟಪಟ ಅಂತಿದ್ದರೆ ಉಳಿದದ್ದೂ ಹೋಗುತ್ತೆ.

ಕಲ್ಲಿನ ಲಾರಿಗೆ ಬೇಡ. ಕಲ್ಲು ಭಾರ, ಎತ್ತರ ಇಲ್ಲ. ಕ್ಯಾಬಿನ್ ಹಿಂದೆ ಬಯಲೇ ಇರುವಾಗ ಆ ತಟ್ಟೆ ತಾನೇ ಗಾಳಿಗೆ ಅಡ್ಡ ನಿಂತ ಹಾಗೆ.

ಪ್ರಶ್ನೆ: ಬೀದರ್‌ನಿಂದ ಬರೆಯುತ್ತಿದ್ದೇನೆ. ಏರ್ ಡ್ಯಾಮ್ ಬಿಚ್ಚಿಸಿ ಆ ಜಾಗದಲ್ಲಿ ದಪ್ಪ ಕಬ್ಬಿಣದ ಗಾರ್ಡ್ ಹಾಕಿಸಬೇಕು ಅಂತಿದ್ದೇನೆ. ರಾತ್ರಿ ದನ, ಹಂದಿ ಅಡ್ಡ ಬರ್ತವೆ. ಹಾಕಿಸಲಾ?

ಉತ್ತರ: ಹಾಕಿಸಬೇಡಿ. ಇಂಥ ಗಾರ್ಡ್ ಕಂಡರೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಎಲ್ಲ ರಾಜ್ಯಗಳಿಗೆ ಬರೆದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೆಳಗೆ ಇದು ಬರುತ್ತೆ. ದಂಡದ ಮಾತು ಪಕ್ಕಕ್ಕಿಡಿ. ಗುದ್ದಿದಾಗ ನಜ್ಜುಗುಜ್ಜಾಗಿ ಪೆಟ್ಟು ನುಂಗಲಿ ಅಂತಲೇ ಮುಂಭಾಗ ಮೆತ್ತಗೆ ಮಾಡಿರ್ತಾರೆ. ಕಬ್ಬಿಣ ಹಾಕಿದರೆ ಆ ಪೆಟ್ಟು ಚಾಸಿಗೆ, ಚಾಸಿಯಿಂದ ಒಳಗೆ ಕೂತವರಿಗೆ. ಏರ್‌ಬ್ಯಾಗ್ ಬಿಚ್ಚುವ ಸಮಯವೂ ತಪ್ಪಬಹುದು. ನಡೆದು ಹೋಗುವವರಿಗೆ ತಾಗಿದರಂತೂ ಉಳಿಯೋದೇ ಕಷ್ಟ. ರಾತ್ರಿ ದನಕ್ಕೆ ಹೆದರಿಕೆ ಇದ್ದರೆ ಹೆಡ್‌ಲೈಟ್ ಗಾಜು ಉಜ್ಜಿಸಿ, ಬೆಳಕಿನ ಎತ್ತರ ಸರಿಮಾಡಿಸಿ, 60ರಲ್ಲಿ ಹೋಗಿ.

ಪ್ರಶ್ನೆ: ಆಳಂದ ತಾಲೂಕು. ನಾನು ಆ ಪಟ್ಟಿ ಬಿಚ್ಚಿ ಆರು ತಿಂಗಳಾಯ್ತು. ಏನೂ ಆಗಿಲ್ಲ. ಇನ್ನು ಚಿಂತೆ ಇಲ್ಲ ಅಲ್ವಾ?

ಉತ್ತರ: ಮಳೆಗಾಲ, ಚಳಿಗಾಲ ದಾಟಿದ್ದೀರಿ. ಬೇಸಿಗೆ ಇನ್ನೂ ಬಂದಿಲ್ಲ. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಲೋಡು ಹಾಕಿ, ಎಸಿ ಹಾಕಿ, ಹೆದ್ದಾರಿಯಲ್ಲಿ 80ರಲ್ಲಿ ಅರ್ಧ ಗಂಟೆ ಓಡಿಸಿ ಮುಳ್ಳು ನೋಡಿ. ಅಲುಗದಿದ್ದರೆ ಹಾಗೇ ಓಡಿಸಿ, ನನ್ನ ಅಡ್ಡಿ ಇಲ್ಲ.

ಏರಿದರೆ ಎಸಿ ಆರಿಸಿ, ವೇಗ ಇಳಿಸಿ. ಇಳಿಯದಿದ್ದರೆ ನೆರಳು ನೋಡಿ ನಿಲ್ಲಿಸಿ. ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ. ಒಳಗಿನ ನೀರು ಒತ್ತಡದಲ್ಲಿ 100 ಡಿಗ್ರಿ ದಾಟಿಯೂ ಕುದಿಯದೆ ಕೂತಿರುತ್ತೆ, ಮುಚ್ಚಳ ಸಡಿಲಾದ ಗಳಿಗೆಗೆ ಚಿಮ್ಮುತ್ತೆ. ನನಗೆ 19 ವರ್ಷ ಆಗಿದ್ದಾಗ ಅವಸರ ಮಾಡಿ ತೆಗೆದೆ. ಬಲ ಮುಂಗೈ ಮೇಲೆ ಅಂಗೈ ಅಗಲದ ಕಲೆ ಇವತ್ತಿಗೂ ಇದೆ. ಮುಕ್ಕಾಲು ಗಂಟೆ ಕಾಯಿರಿ. ಆಮೇಲೆ ದಪ್ಪ ಬಟ್ಟೆ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ಮೆಲ್ಲಗೆ ಬಿಚ್ಚಿ.