ಗಾರೆಯವನ ಪದ

ಓದುಗರೊಬ್ಬರ ಪತ್ರ: ಕಳೆದ ಸಂಚಿಕೆಯ ಲೇಖನವೊಂದರಲ್ಲಿ ‘ಎಡಿಫೈಯಿಂಗ್’ ಎಂಬ ಇಂಗ್ಲಿಷ್ ಪದಕ್ಕೆ ‘ಮನಸ್ಸು ಕಟ್ಟುವ’ ಎಂದು ಹಾಕಿದ್ದೀರಿ. ಅದರ ಅರ್ಥ ‘ನೀತಿ ಬೋಧಿಸುವ’ ಎಂದಲ್ಲವೇ? ಕಟ್ಟುವುದು ಎಲ್ಲಿಂದ ಬಂತು?

ಸಂಪಾದಕರ ಉತ್ತರ: ನಿಘಂಟು ತೆರೆದು ನೋಡಿದ್ದೀರಿ, ಸಂತೋಷ. ನೀವು ಹೇಳುವ ಅರ್ಥವೂ ತಪ್ಪೇನಲ್ಲ. ಆದರೆ ಪದದ ಹುಟ್ಟಿನ ತನಕ ಓದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ!

ಲ್ಯಾಟಿನ್‌ನಲ್ಲಿ ‘ಏಡಿಸ್’ ಅಂದರೆ ಮನೆ, ಗುಡಿ. ಅದಕ್ಕೆ ‘ಮಾಡು’ ಎಂಬ ಕ್ರಿಯಾಪದ ಸೇರಿದರೆ ಕಟ್ಟುವುದು. ದೊಡ್ಡ ಕಟ್ಟಡಕ್ಕೆ ‘ಎಡಿಫಿಸ್’ ಅನ್ನುತ್ತಾರಲ್ಲ, ಅದೂ ಇದೇ ಬೇರಿನದು. ಒಂದು ಕಾಲಕ್ಕೆ ಇಂಗ್ಲಿಷಿನಲ್ಲೂ ಕಲ್ಲು ಗೋಡೆಯನ್ನೇ ‘ಎಡಿಫೈ’ ಮಾಡುತ್ತಿದ್ದರು. ಅದು ಮನಸ್ಸಿನ ಕಡೆಗೆ ಹೊರಳಿದ್ದರಲ್ಲಿ ಬೈಬಲ್ಲಿನ ಪಾಲು ದೊಡ್ಡದು. ತಿಳಿವಳಿಕೆ ಮನುಷ್ಯನನ್ನು ಉಬ್ಬಿಸುತ್ತದೆ, ಪ್ರೀತಿ ಕಟ್ಟುತ್ತದೆ ಅಂತ ಕ್ರೈಸ್ತ ಧರ್ಮದ ಮೊದಲ ಪ್ರಚಾರಕರಲ್ಲೊಬ್ಬನಾದ ಪೌಲ ಕೊರಿಂಥ ಪಟ್ಟಣದವರಿಗೆ ಬರೆದ. ಗ್ರೀಕ್‌ನಲ್ಲಿ ಅವನು ಬಳಸಿದ್ದು ಮನೆ ಕಟ್ಟುವ ಮಾತನ್ನೇ. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಆ ಜಾಗದಲ್ಲಿ ಕೂತಿರುವುದು ನಮ್ಮ ‘ಎಡಿಫೈ’. ಬರೀ ತಿಳಿವಳಿಕೆ ಬಿದ್ದದ್ದು ಉಬ್ಬಿಸುವ ಪಾಲಿಗೆ, ನೋಡಿ! ಜರ್ಮನ್ನರ ‘ಎರ್‌ಬಾವ್‌ಲಿಶ್’ ಕೂಡ ಇದೇ ಅರ್ಥದ್ದು. ಅದರ ಹೊಟ್ಟೆಯಲ್ಲೂ ಕಟ್ಟುವ ಕೆಲಸವೇ ಇದೆ.

ಚಿಕ್ಕಂದಿನಲ್ಲಿ ನನಗೆ ಬಹುಮಾನವಾಗಿ ಒಂದು ನೀತಿಕತೆ ಪುಸ್ತಕ ಸಿಕ್ಕಿತ್ತು. ಪ್ರತಿ ಕತೆಯ ಕೊನೆಗೆ ದಪ್ಪಕ್ಷರದಲ್ಲಿ ‘ನೀತಿ’ ಎಂಬ ಸಾಲು. ಅದನ್ನು ಹೆಬ್ಬೆರಳಿಂದ ಮುಚ್ಚಿಕೊಂಡು ಓದುತ್ತಿದ್ದೆ. ಎಷ್ಟೋ ವರ್ಷದ ಮೇಲೆ ಮನೆಯಲ್ಲಿ ಗೋಡೆ ಎಬ್ಬಿಸುತ್ತಿದ್ದಾಗ ಗಾರೆಯವನ ಪಕ್ಕ ಸುಮ್ನೆ ನಿಂತಿದ್ದೆ. ಅವನು ತೂಕದ ಗುಂಡು ಇಳಿಬಿಟ್ಟು, ದಾರ ಅಲ್ಲಾಡುವುದು ನಿಲ್ಲುವ ತನಕ ಕಾದ. ಒಂದು ಇಟ್ಟಿಗೆ ನೂಲಿನಷ್ಟು ಆಚೆ ಬಂದಿತ್ತು. ಮೇಲೆ ಹೇಗೂ ಗಿಲಾವು ಬರುತ್ತದೆ, ಯಾರಿಗೂ ಕಾಣುತ್ತಿರಲಿಲ್ಲ. ಆದರೂ ಕಿತ್ತ, ಹಸಿ ಗಾರೆ ಕೆರೆದ, ಮತ್ತೆ ಕೂರಿಸಿದ. ನನಗೆ ಒಂದು ಮಾತೂ ಹೇಳಲಿಲ್ಲ. ‘ಯಾರು ನೋಡ್ತಾರೆ’ ಅಂತ ಬೆಳಿಗ್ಗೆ ಬಿಟ್ಟುಕೊಟ್ಟಿದ್ದ ಪ್ರೂಫ್ ಪುಟವನ್ನು ಆವತ್ತು ಸಂಜೆ ವಾಪಸ್ ತರಿಸಿಕೊಂಡೆ.

ಇಂಥ ಪದ ಉಪದೇಶದವರ ಕೈಗೆ ಸಿಕ್ಕಿ ಹಾಳಾಯಿತು. ಈಗ ಅದು ಜಾಸ್ತಿ ಕಿವಿಗೆ ಬೀಳುವುದು ‘ಅನ್‌ಎಡಿಫೈಯಿಂಗ್’ (ಶೋಭೆ ತರದ್ದು) ಅಂತ, ನಾಯಕರು ಸಭೆಯಲ್ಲಿ ಕೂಗಾಡಿದಾಗ. ನೇರವಾಗಿ ಬಳಸಿದರೆ ಕೊಂಕು ನುಡಿದಂತೆ ಕೇಳುತ್ತದೆ. ಬೆಳಗಾದರೆ ಫೋನ್ ತುಂಬ ಸುಭಾಷಿತ. ಕಳಿಸಿದವರು ಓದಿರುತ್ತಾರಾ? ನಮಗೆ ಬರುವ ಲೇಖನಗಳದ್ದೂ ಇದೇ ಕತೆ, ಕೊನೆಯ ಪ್ಯಾರಾದಲ್ಲಿ ಯುವಜನರಿಗೆ ಬುದ್ಧಿಮಾತು ಇರಲೇಬೇಕು. ತೆಗೆಯಿರಿ ಅಂದರೆ ಮುನಿಸು.

ನಿಮ್ಮ ಪತ್ರದ ಕೊನೆಗೂ ಅಂಥದ್ದೇ ಎರಡು ಸಾಲಿತ್ತು. ಕತ್ತರಿಸಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.