ಏರ್‌ಲೈನ್ ಯಾವುದು ಎನ್ನುವ ಮೊದಲು, ಸಾಲಿಗೆ ಎಷ್ಟು ಸೀಟು ಎಂದು ನೋಡಿ

ನಿಮ್ಮ ಪ್ರಶ್ನೆ ಇಷ್ಟು: ಹದಿನಾಲ್ಕು ಗಂಟೆಯ ಹಾರಾಟ, ಎಕಾನಮಿ ದರ್ಜೆ, ಕಣ್ಣ ಮುಂದೆ ಮೂರು ಏರ್‌ಲೈನ್‌ಗಳು. ಒಂದು ನೇರವಾಗಿ ಹೋಗುತ್ತದೆ, ಉಳಿದೆರಡರಲ್ಲಿ ನಡುವೆ ವಿಮಾನ ಬದಲಿಸಬೇಕು. ದರದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಇವುಗಳಲ್ಲಿ ಒಳ್ಳೆಯ ಕಂಪನಿ ಯಾವುದು?

ಯಂತ್ರಗಳನ್ನು ಅಳವಡಿಸಿ ಚಾಲೂ ಮಾಡಿಕೊಡುವ ಕೆಲಸ ನನ್ನದು. ಹನ್ನೆರಡು ವರ್ಷಗಳಿಂದ ವರ್ಷಕ್ಕೆ ಮೂರು ನಾಲ್ಕು ಸಲ ಖಂಡ ದಾಟುತ್ತೇನೆ, ಎಲ್ಲವೂ ಎಕಾನಮಿಯಲ್ಲೇ, ಏಕೆಂದರೆ ಕಚೇರಿ ಅದಕ್ಕಿಂತ ಮೇಲಿನದನ್ನು ಕೊಡುವುದಿಲ್ಲ. ಮೊದಮೊದಲು ನಾನೂ ನಿಮ್ಮಂತೆಯೇ ಕಂಪನಿಯ ಹೆಸರು ಹಿಡಿದು ಹೋಗುತ್ತಿದ್ದೆ. ಈಗ ಮೊದಲು ನೋಡುವುದು ವಿಮಾನದ ಮಾದರಿಯನ್ನು, ಆಮೇಲೆ ಒಂದು ಸಾಲಿಗೆ ಎಷ್ಟು ಸೀಟು ಹಾಕಿದ್ದಾರೆ ಎಂಬುದನ್ನು. ಹೆಸರಿನ ಸರದಿ ಬರುವುದು ಅದಾದ ಮೇಲೆ.

ಇದಕ್ಕೆ ಕಾರಣವಾದ ಪ್ರಯಾಣವೊಂದಿದೆ. ಪ್ರಶಸ್ತಿಗಳಿಗೆ ಹೆಸರಾದ ಕಂಪನಿ, ಯಾವುದೆಂದು ಹೇಳುವುದಿಲ್ಲ. ಬೋಯಿಂಗ್ 777, ನಡುವಿನ ನಾಲ್ಕು ಸೀಟುಗಳಲ್ಲಿ ಒಳಗಿನದೊಂದು ನನ್ನ ಪಾಲಿಗೆ ಬಂದಿತ್ತು. ಎಡಗಡೆಯವರು ನನ್ನಂತೆಯೇ ಅಗಲ ಭುಜದ ಮನುಷ್ಯ, ಬಲಗಡೆಯವರು ವಿಮಾನ ಏರಿದ ಕೂಡಲೇ ನಿದ್ದೆಗೆ ಜಾರಿದ್ದರು. ಊಟ ಬಂತು. ಡಬ್ಬಿಯ ಮೇಲಿನ ಬಿಸಿ ಹಾಳೆಯನ್ನು ಕೀಳಬೇಕಾದರೆ ಒಂದು ಮೊಣಕೈಯನ್ನಾದರೂ ಎತ್ತಬೇಕು ಎಂಬುದು ನನಗೆ ಹೊಳೆದದ್ದು ಆಗಲೇ. ಎಡಕ್ಕೆ ಎತ್ತಿದರೆ ಅವರ ಲೋಟ, ಬಲಕ್ಕೆ ಎತ್ತಿದರೆ ಇವರ ಪಕ್ಕೆಲುಬು. ಪರೀಕ್ಷೆಯಲ್ಲಿ ಉತ್ತರಪತ್ರಿಕೆ ಮುಚ್ಚಿಕೊಂಡು ಬರೆಯುವ ಹುಡುಗನ ಹಾಗೆ ಎರಡೂ ಕೈಗಳನ್ನು ಎದೆಗೆ ಅವುಚಿಕೊಂಡು ಊಟ ಮುಗಿಸಿದೆ. ಊಟ ರುಚಿಯಾಗಿತ್ತು, ಗಗನಸಖಿಯರು ಸೌಜನ್ಯದಿಂದಲೇ ನಡೆದುಕೊಂಡರು, ಪರದೆಯಲ್ಲಿ ನೂರಾರು ಸಿನಿಮಾಗಳಿದ್ದವು. ಹದಿಮೂರು ಗಂಟೆಯ ನಂತರ ಇಳಿದಾಗ ಎಡ ಭುಜ ಮಾತ್ರ ನನ್ನದಾಗಿರಲಿಲ್ಲ.

ಆ ವಿಮಾನದ ಲೆಕ್ಕ ಹೀಗಿದೆ. 777 ಸೇವೆಗೆ ಬಂದದ್ದು 1995ರಲ್ಲಿ. ಆಗ ಹೆಚ್ಚಿನ ಕಂಪನಿಗಳು ಎಕಾನಮಿಯಲ್ಲಿ ಸಾಲಿಗೆ ಒಂಬತ್ತು ಸೀಟು ಹಾಕುತ್ತಿದ್ದವು. ಈಗ ಹತ್ತು ಹಾಕುವುದೇ ವಾಡಿಕೆ. ವಿಮಾನದ ಒಡಲು ಅಂದು ಎಷ್ಟು ಅಗಲವಿತ್ತೋ ಇಂದೂ ಅಷ್ಟೇ. ಹಾಗಾದರೆ ಹತ್ತನೆಯ ಸೀಟಿಗೆ ಜಾಗ ಎಲ್ಲಿಂದ ಬಂತು? ಉಳಿದ ಒಂಬತ್ತು ಜನರ ಭುಜಗಳಿಂದ, ಜೊತೆಗೆ ಓಡಾಡುವ ದಾರಿಯಿಂದ. ಹದಿನೆಂಟು ಇಂಚಿನ ಆಚೀಚೆ ಇದ್ದ ಸೀಟು ಹದಿನೇಳಕ್ಕೆ ಇಳಿಯಿತು. ಮೇಜಿನ ಮೇಲೆ ಅಳತೆಪಟ್ಟಿ ಇಟ್ಟು ನೋಡಿದರೆ ಒಂದು ಇಂಚು ಏನೂ ಅಲ್ಲ. ಒಂಬತ್ತನೆಯ ಗಂಟೆಯಲ್ಲಿ, ದೀಪ ಆರಿಸಿದ ಮೇಲೆ, ಪಕ್ಕದವರ ಉಸಿರಿನ ಲಯಕ್ಕೆ ನಿಮ್ಮ ತೋಳೂ ಏರಿಳಿಯುತ್ತಿರುವಾಗ ಆ ಒಂದು ಇಂಚಿನ ಬೆಲೆ ಗೊತ್ತಾಗುತ್ತದೆ.

ಆದರೆ ಬರೀ ಸೀಟುಗಳನ್ನು ಎಣಿಸಿದರೂ ಮೋಸಹೋಗುತ್ತೀರಿ. ಏರ್‌ಬಸ್ ಎ380ರ ಕೆಳಗಿನ ಅಂತಸ್ತಿನಲ್ಲೂ ಸಾಲಿಗೆ ಹತ್ತೇ ಸೀಟು, ಆದರೆ ಅದರ ಒಡಲು ಇನ್ನೂ ಅಗಲವಾದ್ದರಿಂದ ಅಲ್ಲಿ ಹದಿನೆಂಟು ಇಂಚಿನ ಸೀಟು ಸಿಗುತ್ತದೆ. ಎಮಿರೇಟ್ಸ್‌ನ ಬಳಿ ಎರಡೂ ಇವೆ. ಅದೇ ಕಂಪನಿ, ಅದೇ ಸಮವಸ್ತ್ರ, ಅದೇ ಊಟ. ಎ380 ಸಿಕ್ಕಿದವರು ಹೊಗಳುತ್ತಾರೆ, 777ರಲ್ಲಿ ನಡುವೆ ಸಿಕ್ಕಿಕೊಂಡವರು ಗೊಣಗುತ್ತಾರೆ. ಇಬ್ಬರ ಮಾತೂ ನಿಜ. ಇನ್ನೊಂದು ಕಡೆ ಸಿಂಗಪುರ ಏರ್‌ಲೈನ್ಸ್ ತನ್ನ 777-300ಇಆರ್ ವಿಮಾನಗಳಲ್ಲಿ ಒಂಬತ್ತನ್ನೇ ಉಳಿಸಿಕೊಂಡಿದೆ. ಹಾಗಾಗಿ 777 ಎಂದರೆ, ಸಾಲಿಗೆ ಒಂಬತ್ತು ಸೀಟಿದ್ದರೆ ಕಣ್ಣು ಮುಚ್ಚಿ ಏರುತ್ತೇನೆ, ಹತ್ತು ಸೀಟಿದ್ದರೆ ಬೇರೆ ದಾರಿ ಹುಡುಕುತ್ತೇನೆ.

ಬೋಯಿಂಗ್ 787ರದ್ದೂ ಇದೇ ಕಥೆ. ಆ ಒಡಲಿಗೆ ಎಂಟು ಸೀಟು ಹಿತವಾಗಿ ಕೂರುತ್ತವೆ, ಹೆಚ್ಚಿನವರು ಒಂಬತ್ತು ಹಾಕಿದ್ದಾರೆ. ಜಪಾನ್ ಏರ್‌ಲೈನ್ಸ್ ಮಾತ್ರ ಅಂತರರಾಷ್ಟ್ರೀಯ ಮಾರ್ಗದ 787ಗಳಲ್ಲಿ ಎಂಟೇ ಇಟ್ಟಿದೆ, ಕಾಲಿಗೂ ಒಂದೆರಡು ಇಂಚು ಹೆಚ್ಚು ಬಿಟ್ಟಿದೆ. ಎಕಾನಮಿಯಲ್ಲಿ ನಾನು ಕಂಡ ಅತ್ಯಂತ ಉದಾರ ಸೀಟು ಅದು. ಏರ್‌ಬಸ್ ಎ350ರಲ್ಲಿ ಒಂಬತ್ತು ಇದ್ದರೆ ಸುಮಾರು ಹದಿನೆಂಟು ಇಂಚು, ನೆಮ್ಮದಿ. ಎ330ರಲ್ಲಿ ಸಾಮಾನ್ಯವಾಗಿ ಎರಡು, ನಾಲ್ಕು, ಎರಡು ಎಂದು ಎಂಟು ಸೀಟು. ಇಬ್ಬರೇ ಹೋಗುವವರಿಗೆ ಅದರ ಕಿಟಕಿಯ ಜೋಡಿ ಸೀಟಿನಷ್ಟು ಸುಖ ಬೇರೆಡೆ ಸಿಗುವುದು ಕಷ್ಟ, ಮೂರನೆಯವರನ್ನು ಎಬ್ಬಿಸಿ ಶೌಚಾಲಯಕ್ಕೆ ಹೋಗುವ ಪ್ರಸಂಗವೇ ಬರುವುದಿಲ್ಲ. ಅಗ್ಗದ ದರದ ಕೆಲವು ಕಂಪನಿಗಳು ಎ330ರಲ್ಲಿ ಒಂಬತ್ತು, ಎ350ರಲ್ಲಿ ಹತ್ತು ತುರುಕಿದ್ದೂ ಉಂಟು. ಅಂಥ ಕಡೆ ಉಳಿಸಿದ ಹಣವನ್ನು ಬೆನ್ನುನೋವಿನ ಮುಲಾಮಿಗೆ ಎತ್ತಿಡಿ.

ಕಾಲಿನ ಜಾಗದ ವಿಚಾರ. ಎಲ್ಲರೂ ‘ಪಿಚ್’ ಎಷ್ಟು ಎಂದು ಕೇಳುತ್ತಾರೆ, ಸಾಮಾನ್ಯ ಉತ್ತರ 31 ಅಥವಾ 32 ಇಂಚು. ಅದು ಮೊಣಕಾಲಿಗೆ ಸಿಗುವ ಜಾಗವಲ್ಲ. ಒಂದು ಸೀಟಿನ ಯಾವುದೋ ಬಿಂದುವಿನಿಂದ ಮುಂದಿನ ಸೀಟಿನ ಅದೇ ಬಿಂದುವಿಗೆ ಇರುವ ದೂರ. ಸೀಟಿನ ಬೆನ್ನು ದಪ್ಪವಿದ್ದರೆ 32 ಕೂಡ ಇಕ್ಕಟ್ಟು, ತೆಳುವಾಗಿದ್ದರೆ 31 ಕೂಡ ನಡೆಯುತ್ತದೆ. ಇದರ ಮೇಲೆ ಹಳೆಯ ವಿಮಾನಗಳಲ್ಲಿ ಕೆಲವು ಸೀಟುಗಳ ಕೆಳಗೆ ಪರದೆಗೆ ಸಂಬಂಧಿಸಿದ ಒಂದು ಲೋಹದ ಪೆಟ್ಟಿಗೆ ಇರುತ್ತದೆ. ಒಂದು ಕಾಲು ಚಾಚಬಹುದು, ಇನ್ನೊಂದನ್ನು ಎಲ್ಲಿಡುವುದೆಂದು ಯೋಚಿಸುತ್ತಾ ರಾತ್ರಿ ಕಳೆಯಬಹುದು. ನನ್ನ ಎತ್ತರ ಐದಡಿ ಏಳಿಂಚು, ಹಾಗಾಗಿ ನನಗೆ ಉದ್ದಕ್ಕಿಂತ ಅಗಲ ಮುಖ್ಯ. ನೀವು ಆರಡಿ ಇದ್ದರೆ ಈ ಪ್ಯಾರಾವನ್ನು ಇನ್ನೊಮ್ಮೆ ಓದಿಕೊಳ್ಳಿ.

ಸೀಟು ಬಿಟ್ಟರೆ ಗಾಳಿ. ಹತ್ತು ಹನ್ನೊಂದು ಸಾವಿರ ಮೀಟರ್ ಎತ್ತರದಲ್ಲಿ ಹಾರುವಾಗ ಒಳಗಿನ ಒತ್ತಡವನ್ನು ನೆಲಮಟ್ಟದಷ್ಟು ಇಡುವುದಿಲ್ಲ. ಹಳೆಯ ಮಾದರಿಗಳಲ್ಲಿ ಅದು 8,000 ಅಡಿ ಎತ್ತರದ ಬೆಟ್ಟದ ಮೇಲೆ ಕುಳಿತಂತಾಗುವವರೆಗೂ ಇಳಿಯಬಹುದು. 787 ಮತ್ತು ಎ350ರಲ್ಲಿ ಸುಮಾರು 6,000 ಅಡಿಯ ಮಟ್ಟದಲ್ಲಿ ಇಡುತ್ತಾರೆ. ಇವುಗಳ ಒಡಲಿನಲ್ಲಿ ಅಲ್ಯೂಮಿನಿಯಮ್ಮಿಗೆ ಬದಲಾಗಿ ಹೆಚ್ಚಾಗಿ ಇಂಗಾಲದ ನಾರಿನ ಸಂಯುಕ್ತ ವಸ್ತುವನ್ನು ಬಳಸಿರುವುದರಿಂದ ಹೆಚ್ಚಿನ ಒತ್ತಡವನ್ನು ತಾಳಿಕೊಳ್ಳುತ್ತದೆ, ತೇವಾಂಶದಿಂದ ಸವೆಯುವ ಭಯವೂ ಕಡಿಮೆ. ಹಾಗಾಗಿ ಗಾಳಿಯನ್ನು ಕೊಂಚ ತೇವವಾಗಿಯೇ ಇಡಬಹುದು. ಹಳೆಯ ವಿಮಾನದಿಂದ ಇಳಿದ ಮರುದಿನ ನನಗೆ ಮೂಗಿನ ಒಳಗೆ ಹೊಪ್ಪಳೆ, ತುಟಿ ಬಿರುಕು, ಮಂಕು ತಲೆ. ಎ350ರಿಂದ ಇಳಿದ ದಿನ ನೇರವಾಗಿ ಕಾರ್ಖಾನೆಗೆ ಹೋಗಿ ಕೆಲಸ ಶುರು ಮಾಡಿದ್ದೇನೆ. 787ರಲ್ಲಿ ಒಂಬತ್ತು ಸೀಟಿದ್ದರೂ ನಾನು ಸುಮ್ಮನಾಗುವುದು ಈ ಗಾಳಿಯ ಮುಖ ನೋಡಿ.

ಇದನ್ನೆಲ್ಲ ಕಂಡುಹಿಡಿಯುವುದು ಕಷ್ಟವಲ್ಲ. ಟಿಕೆಟ್ ಕೊಳ್ಳುವ ಪುಟದಲ್ಲಿ ‘ವಿವರ’ ಒತ್ತಿದರೆ ಮಾದರಿಯ ಹೆಸರೋ ಮೂರು ಅಕ್ಷರದ ಸಂಕೇತವೋ ಸಿಗುತ್ತದೆ. 77ಡಬ್ಲ್ಯು ಎಂದರೆ 777-300ಇಆರ್, 789 ಎಂದರೆ 787-9, 359 ಎಂದರೆ ಎ350-900, 333 ಎಂದರೆ ಎ330-300, 388 ಎಂದರೆ ಎ380. ಆಮೇಲೆ ಸೀಟಿನ ನಕ್ಷೆ ತೆರೆದು ಒಂದು ಸಾಲನ್ನು ಬೆರಳಿಟ್ಟು ಎಣಿಸಿ. ಹಾಗೆಯೇ ‘ಈ ವಿಮಾನವನ್ನು ನಡೆಸುವವರು’ ಎಂಬ ಸಣ್ಣ ಅಕ್ಷರದ ಸಾಲನ್ನು ಬಿಡದೆ ಓದಿ. ಕಂಪನಿಗಳು ಪರಸ್ಪರರ ವಿಮಾನಗಳಿಗೆ ತಮ್ಮ ಸಂಖ್ಯೆ ಅಂಟಿಸಿ ಮಾರುತ್ತವೆ. ಒಬ್ಬರ ಹೆಸರು ನಂಬಿ ಹಣ ಕೊಟ್ಟು ಇನ್ನೊಬ್ಬರ ವಿಮಾನದಲ್ಲಿ ಕುಳಿತ ಅನುಭವ ನನಗಿದೆ. ಕೊನೆಯ ಗಳಿಗೆಯಲ್ಲಿ ಮಾದರಿ ಬದಲಾಗುವುದೂ ಉಂಟು, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ.

ನೇರವಾಗಿಯೋ, ನಡುವೆ ಇಳಿದೋ? ಎರಡೂ ಕಡೆ ಸೀಟು ಒಂದೇ ತರಹ ಇದ್ದರೆ ನೇರ ಹೋಗುವುದೇ ಮೇಲು, ಸ್ವಲ್ಪ ಹೆಚ್ಚು ಹಣ ಹೋದರೂ ಸರಿ. ಆದರೆ ಇಕ್ಕಟ್ಟಾದ ಸೀಟಿನಲ್ಲಿ ಹದಿನಾಲ್ಕು ಗಂಟೆ ಕೂರುವುದಕ್ಕಿಂತ ಒಳ್ಳೆಯ ಸೀಟಿನಲ್ಲಿ ಏಳು ಗಂಟೆ ಕುಳಿತು, ಎದ್ದು, ಮುಖ ತೊಳೆದು, ನಡೆದಾಡಿ, ಮತ್ತೆ ಏಳು ಗಂಟೆ ಕೂರುವುದನ್ನು ನನ್ನ ದೇಹ ಒಪ್ಪುತ್ತದೆ. ಸಿಂಗಪುರದಿಂದ ನ್ಯೂಯಾರ್ಕಿಗೆ ನೇರವಾಗಿ, ಹದಿನೆಂಟು ಗಂಟೆಗೂ ಹೆಚ್ಚು ಹೊತ್ತು, ಹಾರುವ ಎ350ರ ವಿಶೇಷ ಮಾದರಿಯಲ್ಲಿ ಎಕಾನಮಿ ದರ್ಜೆಯೇ ಇಲ್ಲ. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಪ್ರೀಮಿಯಂ ಎಕಾನಮಿ ಮತ್ತು ಬಿಸಿನೆಸ್ ಅಷ್ಟೇ. ಆಸ್ಟ್ರೇಲಿಯಾದ ಪರ್ತ್‌ನಿಂದ ಲಂಡನ್ನಿಗೆ ಅಲ್ಲಿಯದೇ ಕಂಪನಿ ಕ್ವಾಂಟಾಸ್ 2018ರಿಂದ ಹಾರಿಸುತ್ತಿರುವ ಹದಿನೇಳು ಗಂಟೆಯ ನೇರ ವಿಮಾನದಲ್ಲಿ ಎಕಾನಮಿ ಇದೆ, ಸಾಲಿಗೆ ಒಂಬತ್ತು ಸೀಟಿನ 787. ನಾನಂತೂ ಹತ್ತಿಲ್ಲ, ಹತ್ತುವ ಉತ್ಸಾಹವೂ ಇಲ್ಲ.

ನಡುವೆ ಬದಲಿಸುವುದಾದರೆ ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿರಲಿ. ಒಮ್ಮೆ ಎರಡು ಅಗ್ಗದ ಟಿಕೆಟ್‌ಗಳನ್ನು ಬೇರೆ ಬೇರೆಯಾಗಿ ಕೊಂಡು ಜಾಣತನ ತೋರಿಸಲು ಹೋಗಿದ್ದೆ. ಮೊದಲ ವಿಮಾನ ಎರಡು ಗಂಟೆ ತಡವಾಯಿತು. ಇಳಿದು, ವಲಸೆ ವಿಭಾಗದ ಸರದಿಯಲ್ಲಿ ನಿಂತು, ಲಗೇಜು ಎತ್ತಿಕೊಂಡು ಎರಡನೆಯ ಕಂಪನಿಯ ಕೌಂಟರಿಗೆ ಓಡಿದಾಗ ಅಲ್ಲಿದ್ದ ಹುಡುಗ ಗಡಿಯಾರ ತೋರಿಸಿ, “ನಿಮ್ಮ ಮೊದಲ ವಿಮಾನ ನಮ್ಮದಲ್ಲವಲ್ಲ ಸರ್” ಎಂದ. ಅವನದ್ದೇನೂ ತಪ್ಪಿರಲಿಲ್ಲ. ಹೊಸ ಟಿಕೆಟ್ಟಿಗೆ ಕೊಟ್ಟ ಹಣದಲ್ಲಿ ಮೊದಲೇ ನೇರ ವಿಮಾನ ಹಿಡಿಯಬಹುದಿತ್ತು. ಒಂದೇ ಟಿಕೆಟ್ಟಾಗಿದ್ದರೆ ಮುಂದಿನ ವಿಮಾನದಲ್ಲಿ ಕೂರಿಸುವ ಹೊಣೆ ಅವರದ್ದೇ ಆಗಿರುತ್ತಿತ್ತು, ಲಗೇಜೂ ತಾನಾಗಿ ಮುಂದೆ ಹೋಗುತ್ತಿತ್ತು. ನಡುವಿನ ಬಿಡುವು ಎರಡೂವರೆಯಿಂದ ನಾಲ್ಕು ಗಂಟೆ ಇದ್ದರೆ ಹಿತ. ಬದಲಿಸುವ ಜಾಗ ಅಮೆರಿಕದಲ್ಲಿದ್ದರೆ ಇನ್ನೊಂದು ಮಾತು: ಮುಂದಿನ ದೇಶಕ್ಕೆ ಹೋಗುವವರೂ ಅಲ್ಲಿ ವಲಸೆ ತಪಾಸಣೆ ಮುಗಿಸಲೇಬೇಕು, ಅದಕ್ಕೆ ತಕ್ಕ ವೀಸಾ ಕೈಯಲ್ಲಿರಬೇಕು.

ಯುರೋಪು ಮತ್ತು ಪೂರ್ವ ಏಷ್ಯಾದ ನಡುವೆ ಹೋಗುವವರು ಕಂಪನಿ ಯಾವ ದೇಶದ್ದು ಎಂದೂ ನೋಡಬೇಕು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತು ಗಂಟೆ ಹಿಡಿಯುತ್ತಿದ್ದದ್ದು ಸುಮಾರು ಹದಿಮೂರಾಯಿತು. ಚೀನಾದ ಕಂಪನಿಗಳಿಗೆ ಆ ದಾರಿ ತೆರೆದೇ ಇತ್ತು. ಹಾಗಾಗಿ ಯುರೋಪಿನ ಒಂದು ಊರಿಗೂ ಚೀನಾದ ಒಂದು ಊರಿಗೂ ನಡುವೆ ಒಬ್ಬರು ಬೇಗ, ಇನ್ನೊಬ್ಬರು ತಡವಾಗಿ ತಲುಪುವುದಕ್ಕೆ ಎಂಜಿನ್ ಕಾರಣವಲ್ಲ.

ಯುರೋಪು ಎಂದಾಗ ನೆನಪಾಯಿತು. ಐರೋಪ್ಯ ಒಕ್ಕೂಟದ 2004ರ 261ನೇ ನಿಯಮದ ಪ್ರಕಾರ, 3,500 ಕಿಲೋಮೀಟರಿಗಿಂತ ದೂರದ ಪ್ರಯಾಣದಲ್ಲಿ ಕಂಪನಿಯ ತಪ್ಪಿನಿಂದ ಬಹಳ ತಡವಾಗಿ ತಲುಪಿದರೆ 600 ಯೂರೋವರೆಗೆ ಪರಿಹಾರ ಕೇಳಬಹುದು. ಕೆಟ್ಟ ಹವಾಮಾನದಂಥ ಕಾರಣಗಳಿದ್ದರೆ ಇಲ್ಲ. ಒಕ್ಕೂಟದಿಂದ ಹೊರಡುವ ವಿಮಾನ ಯಾರದ್ದೇ ಆಗಿರಲಿ, ನಿಯಮ ಅನ್ವಯಿಸುತ್ತದೆ. ಹೊರಗಿನಿಂದ ಒಕ್ಕೂಟಕ್ಕೆ ಬರುವಾಗ ಮಾತ್ರ ಅಲ್ಲಿಯ ಕಂಪನಿಯೇ ಆಗಿರಬೇಕು. ಎರಡು ಏರ್‌ಲೈನ್‌ಗಳು ಉಳಿದೆಲ್ಲದರಲ್ಲೂ ಸರಿಸಮ ಎನಿಸಿದರೆ ನಾನು ಇದನ್ನು ತಕ್ಕಡಿಗೆ ಹಾಕುತ್ತೇನೆ.

ದರದ ಬಗ್ಗೆ ಹೆಚ್ಚು ಹೇಳಲಾರೆ. ಅತಿ ಅಗ್ಗದ ಟಿಕೆಟ್ಟಿನಲ್ಲಿ ಲಗೇಜು, ಸೀಟಿನ ಆಯ್ಕೆ, ದಿನಾಂಕದ ಬದಲಾವಣೆ ಯಾವುದೂ ಸೇರಿರುವುದಿಲ್ಲ. ಎಲ್ಲ ಸೇರಿಸಿದ ಮೇಲಿನ ಮೊತ್ತವನ್ನು ಹೋಲಿಸಿ. ಇನ್ನು ಊಟ. ಬೇಕಾದ ವಿಶೇಷ ಊಟವನ್ನು ಕನಿಷ್ಠ ಒಂದು ದಿನ ಮೊದಲೇ ತಿಳಿಸಿದರೆ ಸಾಮಾನ್ಯವಾಗಿ ಉಳಿದವರಿಗಿಂತ ಮೊದಲು ನಿಮ್ಮ ತಟ್ಟೆ ಬರುತ್ತದೆ. ಊಟಕ್ಕಾಗಿ ಏರ್‌ಲೈನ್ ಆರಿಸುವವರನ್ನು ನಾನು ಗೌರವಿಸುತ್ತೇನೆ, ಅರ್ಥ ಮಾಡಿಕೊಳ್ಳಲಾರೆ.

ಇನ್ನು ನಿಮ್ಮ ಮೂರರ ಕಡೆಗೆ. ನೀವು ಮೂರರ ಫ್ಲೈಟ್ ನಂಬರುಗಳನ್ನೂ ಕೊಟ್ಟದ್ದರಿಂದ ನಾನೇ ಹುಡುಕಿ ನೋಡಿದೆ. ಮೊದಲನೆಯದು, ಅಂದರೆ ನೇರ ಹೋಗುವುದು, ಹತ್ತು ಸೀಟಿನ 777. ಮೂರನೆಯದರಲ್ಲಿ ನಡುವಿನ ಬಿಡುವು ಒಂದು ಗಂಟೆ ಹತ್ತು ನಿಮಿಷ, ಸಾಲದ್ದಕ್ಕೆ ಎರಡನೆಯ ಹಾರಾಟವನ್ನು ನಡೆಸುವುದು ಇನ್ನೊಂದು ಕಂಪನಿ. ಎರಡನೆಯದರಲ್ಲಿ ಎರಡೂ ಹಾರಾಟ ಎ350, ಸಾಲಿಗೆ ಒಂಬತ್ತು, ಬಿಡುವು ಮೂರು ಗಂಟೆ, ಒಂದೇ ಟಿಕೆಟ್. ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನೆಯದನ್ನು ಕೊಳ್ಳುತ್ತಿದ್ದೆ, ಕೊಳ್ಳುವಾಗಲೇ ದಾರಿ ಪಕ್ಕದ ಸೀಟು ಹಿಡಿಯುತ್ತಿದ್ದೆ, ಶೌಚಾಲಯದ ಹತ್ತಿರದ ಕೊನೆಯ ಸಾಲುಗಳನ್ನು ಬಿಟ್ಟು. ಹಣ ಕಟ್ಟುವ ಮುನ್ನ ಎರಡೂ ಕಡೆ 359 ಎಂದೇ ಇದೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳಿ. ನಿನ್ನೆ ರಾತ್ರಿ ನಾನು ನೋಡಿದಾಗ ಹಾಗೇ ಇತ್ತು.