ಕೋಳಿ ಕೂಗಿದ ಮೇಲೆ

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಕ್ರೈಸ್ತ ಧರ್ಮ ಮತ್ತು ಸಾಹಿತ್ಯ ಅಂತ ಎಂಟು ಪುಟ ಕೊಟ್ಟಿದ್ದೀರಿ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಶಿಲುಬೆಯ ಯುದ್ಧಗಳು, ಧರ್ಮ ತಪ್ಪಿದವರನ್ನು ಹಿಡಿದು ಶಿಕ್ಷಿಸಿದ ಇನ್‌ಕ್ವಿಸಿಷನ್, ಗುಲಾಮರ ವ್ಯಾಪಾರ ಎಲ್ಲ ಲೆಕ್ಕ ಹಾಕಿದರೆ ಜಮಾಕ್ಕಿಂತ ಖರ್ಚೇ ಜಾಸ್ತಿ. ಕಾವ್ಯ, ಸಂಗೀತ ಎಲ್ಲ ಮೇಲೆ ಬಳಿದ ಬಣ್ಣ. ನಂಬಿಕೆ ಇಲ್ಲದವನಿಗೆ ಆ ಪುಸ್ತಕದಲ್ಲಿ ಏನಿದೆ ಹೇಳಿ? ಅಂದಹಾಗೆ ಜೆರುಸಲೇಮ್ ಬಿದ್ದ ವರ್ಷ ತಪ್ಪಾಗಿ ಅಚ್ಚಾಗಿದೆ."
(ಬರೆದವರು ನಿವೃತ್ತ ಇತಿಹಾಸ ಮೇಷ್ಟ್ರು. ಹೆಸರು ಹಾಕಬೇಡಿ ಎಂದಿದ್ದಾರೆ.)

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ನೋಡಿ ಮೊದಲು ಖುಷಿಯಾಯಿತು. ಅಂಚು ಬಿಟ್ಟು, ಶಾಯಿಯಲ್ಲಿ ಬರೆದ ಪತ್ರ ಈಗ ಅಪರೂಪ. ಪೂರ್ತಿ ಓದಿದ ಮೇಲೆ ಸ್ವಲ್ಪ ಸಿಟ್ಟೂ ಬಂತು.

ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ. 1099ರಲ್ಲಿ ಜೆರುಸಲೇಮಿಗೆ ನುಗ್ಗಿದವರು ಶಿಲುಬೆಯ ಗುರುತು ತೊಟ್ಟುಕೊಂಡೇ ಜನರನ್ನು ಕಡಿದರು. ಬೈಬಲ್ ಓದುತ್ತಲೇ ಮನುಷ್ಯರನ್ನು ಕೊಂಡು ಮಾರಿದವರಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಅಮೆರಿಕದ ಫ್ರೆಡರಿಕ್ ಡಗ್ಲಾಸ್, 1845ರ ತನ್ನ ಆತ್ಮಕಥೆಯ ಕೊನೆಗೆ, ಕ್ರಿಸ್ತನ ಧರ್ಮವೇ ಬೇರೆ, ಈ ನಾಡಿನವರ ಕ್ರೈಸ್ತ ಧರ್ಮವೇ ಬೇರೆ ಎಂದು ಖಂಡತುಂಡವಾಗಿ ಬರೆದ. ಇದರಲ್ಲಿ ನಮಗೂ ನಿಮಗೂ ಜಗಳವಿಲ್ಲ.

ಜಗಳ ಇರುವುದು 'ಬಣ್ಣ' ಎಂದಿರಲ್ಲ, ಆ ಮಾತಿನ ಬಗ್ಗೆ. ಎಂಟು ಪುಟ ಬೇಡ, ಒಂದೇ ಒಂದು ಪ್ರಸಂಗ ತೆಗೆದುಕೊಳ್ಳೋಣ.

ಯೇಸುವನ್ನು ಹಿಡಿದುಕೊಂಡು ಹೋಗಿದ್ದಾರೆ. ರಾತ್ರಿ, ಚಳಿ. ಮಹಾಯಾಜಕನ ಮನೆಯ ಅಂಗಳದಲ್ಲಿ ಆಳುಗಳು ಬೆಂಕಿ ಹಾಕಿಕೊಂಡಿದ್ದಾರೆ. ಯೇಸುವಿನ ಶಿಷ್ಯ, ಮೀನುಗಾರ ಪೇತ್ರ ಅಲ್ಲಿಗೆ ಬಂದು ಮೈ ಕಾಯಿಸಿಕೊಳ್ಳುತ್ತಾನೆ. ಸತ್ತರೂ ನಿನ್ನನ್ನು ಬಿಡುವುದಿಲ್ಲ ಎಂದು ಅದೇ ಸಂಜೆ ಗುರುವಿಗೆ ಹೇಳಿದ್ದವನು. ಕೋಳಿ ಕೂಗುವ ಮೊದಲೇ ಮೂರು ಸಲ ನನ್ನನ್ನು ಅರಿಯೆ ಎನ್ನುತ್ತೀಯ ಎಂದಿದ್ದ ಗುರು. ಒಬ್ಬ ಕೆಲಸದ ಹುಡುಗಿ ಅವನ ಮುಖ ನೋಡಿ, ನೀನೂ ಅವನ ಜೊತೆಗಿದ್ದೆ ಅಲ್ವಾ ಎನ್ನುತ್ತಾಳೆ. ಇಲ್ಲ ಎನ್ನುತ್ತಾನೆ. ಇನ್ನೊಮ್ಮೆ ಕೇಳಿದರೂ ಇಲ್ಲ. ಮೂರನೇ ಸಲ ಅಲ್ಲಿದ್ದವರು, ನೀನೂ ಅವನ ಸೀಮೆ ಗಲಿಲಾಯದವನೇ, ನಿನ್ನ ಮಾತಿನ ಧಾಟಿಯಲ್ಲೇ ಗೊತ್ತಾಗುತ್ತದೆ ಎನ್ನುತ್ತಾರೆ. (ಈ ವಿವರ ಮತ್ತಾಯನ ಸುವಾರ್ತೆಯಲ್ಲಿದೆ. ಬದುಕೆಲ್ಲ ಭಾಷೆಯ ಕೆಲಸ ಮಾಡಿದ ನನಗೆ ಇದರ ಮೇಲೆ ವಿಪರೀತ ಪ್ರೀತಿ. ಬಾಯಿ ಸುಳ್ಳು ಹೇಳುತ್ತಿದೆ, ಉಚ್ಚಾರ ನಿಜ ಹೇಳುತ್ತಿದೆ!) ಆ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ ಎಂದು ಪೇತ್ರ ಆಣೆ ಹಾಕುತ್ತಾನೆ. ಕೋಳಿ ಕೂಗುತ್ತದೆ. ಹೊರಗೆ ಹೋಗಿ ಅಳುತ್ತಾನೆ.

ಇಷ್ಟೇ ಕಥೆ. ಇವನನ್ನೇ ಕ್ಯಾಥೊಲಿಕರು ಮೊದಲ ಪೋಪ್ ಎನ್ನುತ್ತಾರೆ. ತಮ್ಮ ಹಿರಿಯನ ಮಾನ ಹೋದ ರಾತ್ರಿಯನ್ನು ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳೂ ಅದನ್ನು ಹೇಳುತ್ತವೆ. ಯುರೋಪಿನ ಎಷ್ಟೋ ಚರ್ಚುಗಳ ತುದಿಯಲ್ಲಿ ಗಾಳಿಗೆ ತಿರುಗುವ ಲೋಹದ ಹುಂಜಕ್ಕೂ ಈ ಕಥೆಗೂ ನಂಟಿದೆ.

ಇದರಲ್ಲಿ ಹೊಸದೇನು ಎಂದು ನನಗೆ ತಿಳಿಸಿಕೊಟ್ಟವರು ಎರಿಕ್ ಔರ್‌ಬಾಖ್. ಜರ್ಮನಿಯ ಯಹೂದಿ ವಿದ್ವಾಂಸ. ನಾಜಿಗಳು ಕೆಲಸದಿಂದ ತೆಗೆದ ಮೇಲೆ ಇಸ್ತಾಂಬುಲ್ ಸೇರಿ, ಯುದ್ಧ ನಡೆಯುತ್ತಿದ್ದಾಗಲೇ 'ಮಿಮೆಸಿಸ್' ಎಂಬ ಸಾಹಿತ್ಯ ವಿಮರ್ಶೆಯ ಪುಸ್ತಕ ಬರೆದರು. ಅದು 1946ರಲ್ಲಿ ಬಂತು. ಹಳೆಯ ಗ್ರೀಕ್, ರೋಮನ್ ಬರಹದಲ್ಲಿ ದೊಡ್ಡ ದುಃಖ ದೊಡ್ಡವರಿಗೆ ಮೀಸಲು. ಮೀನುಗಾರ, ಕೆಲಸದ ಹುಡುಗಿ ಬಂದರೆ ನಗಿಸುವುದಕ್ಕೆ. ಇಲ್ಲಿ ಒಬ್ಬ ಮೀನುಗಾರನ ಹೇಡಿತನ, ಅವನ ಕಣ್ಣೀರು ಲೋಕದಷ್ಟು ದೊಡ್ಡ ವಿಷಯವಾಗುತ್ತದೆ. ಇದನ್ನು ದುರಂತ ಎನ್ನುವಂತಿಲ್ಲ, ಪ್ರಹಸನ ಎನ್ನುವಂತೆಯೂ ಇಲ್ಲ. ಆಮೇಲೆ ಬಂದ ಕಾದಂಬರಿಗಳಲ್ಲಿ ಸಾಮಾನ್ಯ ಮನುಷ್ಯನ ಸಂಕಟಕ್ಕೆ ಸಿಕ್ಕ ಜಾಗದ ಬೇರು ಇಲ್ಲೂ ಇದೆ ಎನ್ನುವುದು ಅವರ ವಾದ.

ಇತಿಹಾಸ ನಿಮ್ಮ ವಿಷಯ, ಅದಕ್ಕೇ ಬರೋಣ. ಅದೇ ಪೇತ್ರನ ಹೆಸರಿನಲ್ಲಿ ರೋಮಿನಲ್ಲಿ ದೊಡ್ಡ ದೇವಾಲಯ ಕಟ್ಟಲು ಹೊರಟರು. ಹಣ ಸಾಲದೆ ಪಾಪಕ್ಷಮೆಯ ಪತ್ರ ಮಾರಿದರು. 1517ರಲ್ಲಿ ಜರ್ಮನಿಯ ಪಾದ್ರಿ ಲೂಥರ್ ಸಿಡಿದೆದ್ದದ್ದು ಆ ವ್ಯಾಪಾರದ ವಿರುದ್ಧ. 1522ರಲ್ಲಿ ಅವನು ಹೊಸ ಒಡಂಬಡಿಕೆಯನ್ನು, ಅಂದರೆ ಸುವಾರ್ತೆಗಳಿರುವ ಬೈಬಲ್ ಭಾಗವನ್ನು, ಜನರಾಡುವ ಜರ್ಮನ್ನಿಗೆ ತಂದ. 1526ರಲ್ಲಿ ಇಂಗ್ಲೆಂಡಿನ ಟಿಂಡೇಲ್ ಅದನ್ನು ಇಂಗ್ಲಿಷಿಗೆ ತಂದು, ಜರ್ಮನಿಯಲ್ಲಿ ಅಚ್ಚು ಹಾಕಿಸಿದ. ಪ್ರತಿಗಳು ಕಳ್ಳತನದಲ್ಲಿ ಇಂಗ್ಲೆಂಡ್ ಸೇರಿದವು. 1536ರಲ್ಲಿ ಅವನನ್ನು ಧರ್ಮದ್ರೋಹಿ ಎಂದು ಕತ್ತು ಹಿಸುಕಿ ಕೊಂದು, ಹೆಣವನ್ನು ಸುಟ್ಟರು. ಆದರೆ 1611ರಲ್ಲಿ ರಾಜನ ಅಪ್ಪಣೆಯ ಮೇಲೆ ಬಂದ ಬೈಬಲ್ಲಿನ ಎಷ್ಟೋ ಸಾಲು ಅವನವೇ. ಪೇತ್ರ ಅತ್ತದ್ದನ್ನು ಹೇಳುವ ಪದಗಳೂ ಅವನವೇ. ಸುಟ್ಟವರ ಲೆಕ್ಕ ನೀವು ಬರೆದಿದ್ದೀರಿ, ಸರಿ. ಸುಡಿಸಿಕೊಂಡವನೂ ಅದೇ ಪುಸ್ತಕದವನು. ಅವನನ್ನು ಯಾವ ಕಡೆ ಬರೆಯುತ್ತೀರಿ, ಜಮಾಕ್ಕೋ ಖರ್ಚಿಗೋ?

ಇನ್ನು 'ನಂಬಿಕೆ ಇಲ್ಲದವನಿಗೆ ಏನಿದೆ' ಎಂಬ ಪ್ರಶ್ನೆ. ರಷ್ಯದ ಕಥೆಗಾರ ಚೆಕಾವ್‌ನನ್ನು ಕೇಳಿ. ಚಿಕ್ಕಂದಿನಲ್ಲಿ ಅಪ್ಪನ ಬಲವಂತಕ್ಕೆ ಚರ್ಚಿನಲ್ಲಿ ಹಾಡಿ ಹಾಡಿ ಬೇಸತ್ತವನು. ನನಗೀಗ ಧರ್ಮವಿಲ್ಲ ಎಂದು 1892ರಲ್ಲಿ ಗೆಳೆಯನಿಗೆ ಪತ್ರ ಬರೆದ. ಎರಡೇ ವರ್ಷಕ್ಕೆ, 1894ರಲ್ಲಿ, 'ವಿದ್ಯಾರ್ಥಿ' ಎಂಬ ನಾಲ್ಕು ಪುಟದ ಕಥೆ ಬರೆದ. ಶುಭ ಶುಕ್ರವಾರದ ಸಂಜೆ, ಕೊರೆಯುವ ಗಾಳಿ. ಹಸಿದ ವಿದ್ಯಾರ್ಥಿಯೊಬ್ಬ ಇಬ್ಬರು ವಿಧವೆಯರು, ತಾಯಿ ಮಗಳು, ಹಾಕಿದ ಬೆಂಕಿಯ ಹತ್ತಿರ ನಿಲ್ಲುತ್ತಾನೆ. ಪೇತ್ರನೂ ಹೀಗೇ ಬೆಂಕಿ ಕಾಯಿಸಿಕೊಂಡಿದ್ದ ಎಂದು ಕಥೆ ಶುರುಮಾಡುತ್ತಾನೆ. ಕೇಳುತ್ತಾ ಕೇಳುತ್ತಾ ತಾಯಿಯ ಕಣ್ಣಲ್ಲಿ ನೀರು. ಮಗಳ ಮುಖ ನೋವು ನುಂಗಿಕೊಂಡವಳ ಮುಖದಂತಾಗುತ್ತದೆ. ಹತ್ತೊಂಬತ್ತು ಶತಮಾನದ ಹಿಂದಿನ ಆ ರಾತ್ರಿಗೂ ಈ ಹೆಂಗಸರಿಗೂ ಏನೋ ಸಂಬಂಧವಿದೆ ಎಂದುಕೊಳ್ಳುತ್ತಾ ವಿದ್ಯಾರ್ಥಿ ಮುಂದೆ ನಡೆಯುತ್ತಾನೆ. ತನ್ನ ಕಥೆಗಳಲ್ಲಿ ಚೆಕಾವ್‌ಗೆ ಬಹಳ ಇಷ್ಟವಾದದ್ದು ಇದು.

ಜರ್ಮನ್ ಸಂಗೀತಕಾರ ಬಾಖ್‌ನ ಸಂಗೀತದ ಬಗ್ಗೆ ಜಾಸ್ತಿ ಹೇಳುವಷ್ಟು ತಿಳಿದವನಲ್ಲ ನಾನು. ಯೇಸುವಿನ ಕೊನೆಯ ಸಂಕಟವನ್ನು ಹಾಡುವ ಅವನ 'ಮತ್ತಾಯನ ಪ್ಯಾಶನ್'ನಲ್ಲಿ ಪೇತ್ರ ಅತ್ತ ಕೂಡಲೇ ಒಂದು ಪಿಟೀಲು ಶುರುವಾಗುತ್ತದೆ. ಸುಮ್ನೆ ಕೇಳಿ ನೋಡಿ. ನಮ್ಮ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನವನ್ನು 'ಗೊಲ್ಗೊಥಾ' ಕಾವ್ಯ ಮಾಡಿದರು, ಬುದ್ಧನ ಕೊನೆಯ ದಿನವನ್ನು 'ವೈಶಾಖಿ' ಮಾಡಿದರು. ಯಾವ ಲೆಕ್ಕದ ಪುಸ್ತಕವನ್ನೂ ತೆರೆದು ಕೂತಂತೆ ಕಾಣುವುದಿಲ್ಲ.

ನನ್ನದೊಂದು ಕಥೆ ಕೇಳಿ. ಆಗ ನಾನು ಒಂದು ಪತ್ರಿಕೆಯಲ್ಲಿ ಹೊಸಬ. ಒಬ್ಬರ ಸಾವಿನ ಸುದ್ದಿಯಲ್ಲಿ ಸತ್ತವರ ಹೆಸರಿನ ಬದಲು ಅವರ ತಮ್ಮನ ಹೆಸರು ಅಚ್ಚಾಯಿತು. ಬೆಳಿಗ್ಗೆ ಆ ತಮ್ಮನೇ ಆಫೀಸಿಗೆ ಬಂದು ನಿಂತರು. ಪ್ರೂಫ್ ಯಾರು ನೋಡಿದ್ದು ಎಂದು ಯಜಮಾನರು ಕೇಳಿದರು. ನೋಡಿದ್ದು ನಾನು. ಆ ಪುಟ ನನ್ನ ಕೈಗೆ ಬಂದೇ ಇಲ್ಲ ಎಂದೆ. ಪಕ್ಕದ ಮೇಜಿನ ಹಿರಿಯರು ನನ್ನ ಮುಖ ಒಮ್ಮೆ ನೋಡಿದರು. ಏನೂ ಹೇಳದೆ ಬೈಗುಳ ತಿಂದರು. ಮಧ್ಯಾಹ್ನ ಎಂದಿನಂತೆ ಅವರೇ ನನ್ನನ್ನು ಊಟಕ್ಕೆ ಕರೆದರು. ಆ ಊಟ ಗಂಟಲಲ್ಲಿ ಇಳಿಯಲಿಲ್ಲ. ಪೇತ್ರನ ಈ ಕಥೆ ಇರುವ, ಮಾರ್ಕನ ಸುವಾರ್ತೆಯ ಹದಿನಾಲ್ಕನೇ ಅಧ್ಯಾಯವನ್ನು ನಾನು ಓದಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ನಾನು ಆ ಧರ್ಮದವನಲ್ಲ. ಆದರೂ ಆ ಬೆಂಕಿಯ ಪಕ್ಕ ಕೂತವನ ಗುರುತು ಸಿಕ್ಕಿತು.

ಈಗ ನನ್ನ ದೂರು. ಧರ್ಮದ ಬಗ್ಗೆ, ಅದು ಯಾವುದೇ ಇರಲಿ, ಏನು ಅಚ್ಚು ಹಾಕಿದರೂ ಬರುವ ಪತ್ರ ಎರಡೇ ಬಗೆ. ಯಾಕೆ ಹೊಗಳಿದಿರಿ, ಯಾಕೆ ತೆಗಳಿದಿರಿ. ಬೈಬಲ್ಲನ್ನು ಕಣ್ಣಿಗೊತ್ತಿಕೊಳ್ಳುವವರೂ ಓದುವುದಿಲ್ಲ, ಬೈಯುವವರೂ ಓದುವುದಿಲ್ಲ. ಮೊನ್ನೆ ಸಾಹಿತ್ಯದಲ್ಲಿ ಎಂ.ಎ. ಮಾಡಿದ ಹುಡುಗನೊಬ್ಬ ಇದೇ ಚೆಕಾವ್ ಕಥೆಯನ್ನು ಅನುವಾದಿಸಿ ಕಳಿಸಿದ್ದ. ಪೇತ್ರನಿಗೆ ಅಡಿಟಿಪ್ಪಣಿ ಹಾಕಿದ್ದ: 'ಒಬ್ಬ ವ್ಯಕ್ತಿಯ ಹೆಸರು'. ಕೋಳಿ ಕೂಗುವ ಸಾಲು ಕಥೆಗೆ ಬೇಕಿಲ್ಲ ಎಂದು ತೆಗೆದೇಬಿಟ್ಟಿದ್ದ! ಜಾಣ ಹುಡುಗ, ಭಾಷೆ ಚೆನ್ನಾಗಿದೆ. ಅವನನ್ನು ಬೈದು ಏನು ಪ್ರಯೋಜನ? ಅವನಿಗೆ ಕಲಿಸಿದವರು ಧರ್ಮಯುದ್ಧದ ಇಸವಿಗಳನ್ನು ಬಾಯಿಪಾಠ ಮಾಡಿಸಿರುತ್ತಾರೆ. ಈ ರಾತ್ರಿಯ ಕಥೆಯನ್ನು ಒಮ್ಮೆಯೂ ಹೇಳಿರುವುದಿಲ್ಲ. ಕೋಪ ಮಾಡಿಕೊಳ್ಳಬೇಡಿ ಮೇಷ್ಟ್ರೇ, ನಿಮ್ಮನ್ನು ಹೇಳಿದ್ದಲ್ಲ.

ಇಸವಿ ಎಂದಾಗ ನೆನಪಾಯಿತು. ನೀವು ತೋರಿಸಿದ ತಪ್ಪು ನಿಜ. 1099 ಇರಬೇಕಾದಲ್ಲಿ 1909 ಎಂದು ಅಚ್ಚಾಗಿದೆ. ಆ ಪುಟದ ಪ್ರೂಫ್ ನೋಡಿದವನು ನಾನೇ.